ಅಪ್ಪನ ಹೆಸರಿನ ಹಿತ್ತಾಳೆ ಫಿಲ್ಟರ್

ಅಪ್ಪ ನಮ್ಮ ಮನೆಯಲ್ಲಿ ಒಂದು ಲೋಟ ಕಾಫಿ ಕುಡಿಯಬೇಕು. ಅದಿರಿನ ದುಡ್ಡು ಹರಿಯುತ್ತಿದ್ದ ಆ ಕಾಲದಲ್ಲಿ ನನಗೆ ಬೇಕಾಗಿದ್ದದ್ದು ಅದೊಂದೇ. ಹೊಸಪೇಟೆಯಲ್ಲಿ ಉಳಿದವರಿಗೆ ಏನೇನೋ ಬೇಕಾಗಿತ್ತು. ಒಬ್ಬನಿಗೆ ಟಿಪ್ಪರ್, ಒಬ್ಬನಿಗೆ ಸೈಟು, ಇನ್ನೊಬ್ಬನಿಗೆ ಪಕ್ಕದವನದಕ್ಕಿಂತ ದೊಡ್ಡ ಕಾರು. ನಿನ್ನೆಯವರೆಗೆ ಸೈಕಲ್ ತುಳಿಯುತ್ತಿದ್ದವನು ಇವತ್ತು ಓಣಿಯಲ್ಲಿ ಹಾರನ್ ಹೊಡೆದುಕೊಂಡು ಬರುತ್ತಿದ್ದ. ನಾನು ಮಾತ್ರ ಕಾಫಿ ಫಿಲ್ಟರ್ ಹುಡುಕಿಕೊಂಡು ಬಜಾರ್ ಅಲೆಯುತ್ತಿದ್ದೆ.

ಅಪ್ಪನ ಮನೆತನದಲ್ಲಿ ಒಂದು ಪದ್ಧತಿ. ಮಗಳಿಗೆ ಮಗು ಆಗುವವರೆಗೆ ತವರಿನ ಹಿರಿಯರು ಅವಳ ಮನೆಯಲ್ಲಿ ಉಣ್ಣುವಂತಿಲ್ಲ, ನೀರು ಸಹ ಮುಟ್ಟುವಂತಿಲ್ಲ. ಮದುವೆಯಾದ ಮರುವರ್ಷವೇ ತೊಟ್ಟಿಲು ಕಟ್ಟುವ ಮನೆಗಳಲ್ಲಿ ಇದೊಂದು ತಮಾಷೆ. ನನಗೆ ಮದುವೆಯಾಗಿ ವರ್ಷಗಳು ಉರುಳಿದ್ದವು, ಮಗು ಆಗಿರಲಿಲ್ಲ. ಬಳ್ಳಾರಿ ಡಾಕ್ಟರ ಹತ್ತಿರ ಹೋಗಿದ್ದಾಯಿತು, ಹರಕೆ ಹೊತ್ತಿದ್ದಾಯಿತು. ಅಪ್ಪ ಬೇಡ ಎಂದಾಗಲೆಲ್ಲ ಆ ಪದ್ಧತಿ ನನ್ನ ಹೊಟ್ಟೆಯ ಕಡೆ ಬೆರಳು ಮಾಡುತ್ತಿತ್ತು.

ಅಪ್ಪ ತುಂಗಭದ್ರೆಯ ಟಿ.ಬಿ. ಡ್ಯಾಂನಲ್ಲಿ ಕಾಲುವೆ ಆಫೀಸಿನಲ್ಲಿದ್ದ. ಕಾಲುವೆಗೆ ನೀರು ಬಿಡುವುದು, ನಿಲ್ಲಿಸುವುದು, ಅದೇ ಕೆಲಸ. ನಾನು ಹುಟ್ಟಿ ಬೆಳೆದದ್ದು ಅಲ್ಲಿನ ಕ್ವಾರ್ಟರ್ಸಿನಲ್ಲಿ. ಪಕ್ಕದ ಮನೆಯ ತಮಿಳರಿಂದ ಅಪ್ಪ ಕಾಫಿಯ ಹುಚ್ಚು ಹಿಡಿಸಿಕೊಂಡಿದ್ದ. ಅವ್ವ ನಾನು ಹೈಸ್ಕೂಲಿನಲ್ಲಿದ್ದಾಗಲೇ ತೀರಿಕೊಂಡಳು. ಆಮೇಲೆ ಬೆಳಿಗ್ಗೆ ಅಪ್ಪನೇ ಡಿಕಾಕ್ಷನ್ ಇಳಿಸಿ, ನನಗೊಂದು ಲೋಟ ತನಗೊಂದು ಲೋಟ ಮಾಡಿ, ಇಬ್ಬರೂ ಮೆಟ್ಟಿಲ ಮೇಲೆ ಕೂತು ಕುಡಿಯುತ್ತಿದ್ದೆವು. ಮಾತು ಹೆಚ್ಚಿರುತ್ತಿರಲಿಲ್ಲ. ಶಾಲೆಗೆ ಹೊತ್ತಾಯಿತು ಅಂತ ಅಪ್ಪನೇ ಎಬ್ಬಿಸುತ್ತಿದ್ದ.

ನನ್ನ ಮದುವೆಯಾದ ಮೇಲೆ ಅಪ್ಪ ಪ್ರತಿ ಭಾನುವಾರ ಡ್ಯಾಂ ಬಸ್ಸು ಹಿಡಿದು ನಮ್ಮ ಮನೆಗೆ ಬರುತ್ತಿದ್ದ. ಕೈಯಲ್ಲಿ ಕಾಫಿಪುಡಿಯ ಪೊಟ್ಟಣ. ನನ್ನ ಅತ್ತೆ ಕಂಪ್ಲಿಯ ಅಕ್ಕಿ ಗಿರಣಿ ಮನೆತನದವರು, ಚಹಾದ ಮಂದಿ, ಬಾಯಿ ಜೋರು, ಮನಸ್ಸು ಮೆತ್ತಗೆ. ಅವರು ಪ್ರತಿ ವಾರವೂ ಕೇಳುವರು: "ಬರ್ರಿ ಬೀಗರ, ಕುಂದ್ರಿ. ಒಂದ್ ಗುಟುಕು ನೀರಾರ ಕುಡೀರಿ."

"ಬ್ಯಾಡ್ರಿ ಅಕ್ಕಾರ. ಶಿವ ಕಣ್ಣು ಬಿಟ್ಟ ದಿನ ಕುಡ್ಯಾದು ಇದ್ದೇ ಐತಲ್ಲ."

ಅಷ್ಟು ಅಂದು ಅಪ್ಪ ನಗುತ್ತಿದ್ದ. ಅತ್ತೆ ನನ್ನ ಕಡೆ ನೋಡದೆ ಸೆರಗು ಸರಿಮಾಡಿಕೊಳ್ಳುತ್ತಿದ್ದರು. ಆಮೇಲೆ ಅಪ್ಪ ಎದ್ದು ಹೋಗಿ, ನಮ್ಮ ಗೇಟಿನಿಂದಲೇ ಕಾಣುವ ರಸ್ತೆ ಮೂಲೆಯ ಹೋಟೆಲಿನ ಮುಂದೆ, ಲಾರಿ ಕ್ಲೀನರ್‌ಗಳ ನಡುವೆ ನಿಂತು ಕಾಫಿ ಕುಡಿಯುತ್ತಿದ್ದ. ಬಟ್ಟೆ ಒಗೆದ ನೀರಿನಂಥ ಕಾಫಿ ಅದು! ಮಗಳು ಇಲ್ಲಿ ನಿಂತಿದ್ದಾಳೆ, ಅಪ್ಪ ಅಲ್ಲಿ ನಿಂತು ಅದನ್ನು ಕುಡಿಯುತ್ತಿದ್ದಾನೆ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಒಳಗೆ ಬಂದು ಪಾತ್ರೆಗಳನ್ನು ಧಡಧಡ ಇಡುತ್ತಿದ್ದೆ.

ನಮ್ಮ ಮನೆ ಸಂಡೂರು ರಸ್ತೆಗೆ ಹತ್ತಿರ. ಹಗಲೆಲ್ಲ ಟಿಪ್ಪರ್‌ಗಳ ಓಡಾಟ. ಸ್ಟ್ಯಾಂಡಿನಲ್ಲಿಟ್ಟ ಲೋಟಗಳು ತಮ್ಮಷ್ಟಕ್ಕೆ ತಾವೇ ಕಿಣಿಕಿಣಿ ಅನ್ನುತ್ತಿದ್ದವು. ಒರೆಸಿದಷ್ಟೂ ಕೆಂಪು ಧೂಳು. ನಮ್ಮ ಮನೆಯವರು ಕಂಪ್ಲಿಯ ಗಿರಣಿಯನ್ನು ಅಣ್ಣಂದಿರಿಗೆ ಬಿಟ್ಟು ಟಿಪ್ಪರ್ ಕೊಂಡು ಅದಿರು ಸಾಗಿಸುತ್ತಿದ್ದರು. ಬಂದರೆ ಊಟ, ಊಟದ ನಡುವೆ ಫೋನು, ಫೋನು ಬಂದರೆ ಮತ್ತೆ ಗಾಡಿ. ನಾನೂ ಒಂದು ಕಡೆ ಕೂಡಲಾರದವಳಾಗಿದ್ದೆ. ಕೂತರೆ ಯೋಚನೆ ಬರುತ್ತಿತ್ತು.

ಹಾಗಾಗಿ ಒಂದು ಉಪಾಯ ಹೂಡಿದೆ. ಅಪ್ಪನಿಗೆ ಕಾಫಿಯ ವಿಷಯದಲ್ಲಿ ಹಟ ನಿಲ್ಲುವುದಿಲ್ಲ ಅನ್ನುವುದು ನನಗೆ ಗೊತ್ತಿತ್ತು. ಶಿವರಾತ್ರಿ ಉಪವಾಸದ ದಿನ ಹಣ್ಣು ಸಹ ತಿನ್ನದವನು ಕಾಫಿ ಮಾತ್ರ ಬಿಡುತ್ತಿರಲಿಲ್ಲ. "ಕಾಫಿ ಊಟದಾಗ ಬರಂಗಿಲ್ಲ" ಅನ್ನುತ್ತಿದ್ದ. ಅಂದಮೇಲೆ ಎಂಥ ಕಾಫಿ ಮಾಡಬೇಕೆಂದರೆ, ಅದರ ವಾಸನೆಗೇ ಅವನ ಕೈ ತಾನಾಗಿ ಮುಂದೆ ಬರಬೇಕು. ನನ್ನ ಹತ್ತಿರ ಇದ್ದದ್ದು ಮದುವೆಗೆ ಯಾರೋ ಕೊಟ್ಟ ತೆಳ್ಳನೆ ಸ್ಟೀಲ್ ಫಿಲ್ಟರ್. ನೆಗ್ಗಿದ ಬಾಯಿ, ಕಟ್ಟಿಕೊಂಡ ತೂತು. ಅದರಲ್ಲಿ ಡಿಕಾಕ್ಷನ್ ಇಳಿಯುವ ಹೊತ್ತಿಗೆ ಅಪ್ಪ ಡ್ಯಾಂ ಮುಟ್ಟಿರುತ್ತಿದ್ದ.

ಪೇಟೆಗೆ ಹೋದರೆ ಹೊಸ ಮಾಲಿನ ಬೆಲೆ ಕೇಳುವಂತಿರಲಿಲ್ಲ. ಅದಿರಿನ ದುಡ್ಡು ಬಂದ ಮೇಲೆ ಅಂಗಡಿಯವರು ಮುಖ ನೋಡಿ ರೇಟು ಹೇಳುತ್ತಿದ್ದರು. "ಟಿಪ್ಪರ್ ಮನಿಯಾರಲ್ಲೇನ್ರಿ ಅಕ್ಕಾರ, ನಿಮಗೇನ್ ಕಡಿಮಿ" ಅಂದರೆ ಮುಗಿಯಿತು, ಒಂದಕ್ಕೆರಡು. ನಾನೇನು ಕಮ್ಮಿಯೇ? ಕಾಲುವೆ ಆಫೀಸಿನವನ ಮಗಳು, ಚೌಕಾಸಿ ನನಗೆ ಹುಟ್ಟಿನಿಂದ ಬಂದದ್ದು. ಹಳೆಯ ಮಾಲು ಹುಡುಕತೊಡಗಿದೆ. ಆಗ ಹಳೆಯ ಮಾಲಿಗೇನು ಬರ! ಊರಿಗೆ ಊರೇ ಅಜ್ಜಿಯರ ಹಿತ್ತಾಳೆ, ತಾಮ್ರ ಹೊತ್ತು ತಂದು ತೂಕಕ್ಕೆ ಹಾಕಿ, ನಾನ್‌ಸ್ಟಿಕ್ ತವೆ ಒಯ್ಯುತ್ತಿತ್ತು.

ಮೊದಲ ವ್ಯಾಪಾರದಲ್ಲಿ ಮಾತ್ರ ಮುಗ್ಗರಿಸಿದೆ. ದರ್ಶನದ ನೆಪ ಹೇಳಿ ಅತ್ತೆಯನ್ನು ಹಂಪಿಗೆ ಕರೆದುಕೊಂಡು ಹೋಗಿದ್ದೆ. ಅಲ್ಲಿನ ಬಜಾರಿನಲ್ಲಿ ಒಂದು ಅಂಗಡಿ, ಫಾರಿನ್‌ನವರು ಊರಿಗೆ ಹೋಗುವಾಗ ಮಾರಿ ಹೋದ ಸಾಮಾನು ಇಡುತ್ತಿತ್ತು. ಟಾರ್ಚು, ಚೀಲ, ಬೂಟು, ಅವುಗಳ ನಡುವೆ ನಡು ಸಣ್ಣಗಿರುವ, ಮೂಲೆ ಮೂಲೆಯಾದ ಅಲ್ಯೂಮಿನಿಯಂ ಕೂಜಾ. ಕೆಳಗೆ ನೀರು, ನಡುವೆ ಪುಡಿ, ಒಲೆಯ ಮೇಲಿಟ್ಟರೆ ಕಾಫಿ ತಾನಾಗಿ ಮೇಲಕ್ಕೆ ಏರುತ್ತದಂತೆ.

"ಇಟಲಿ ಮಾಲ್ ಅಕ್ಕಾ. ಮಸ್ತ್ ಐತಿ. ನಿಮಗಂತ ಕೊಡ್ತೀನಿ," ಅಂದ ಅಂಗಡಿಯವನು. ಅವನು ಹೇಳಿದ್ದರ ಕಾಲುಭಾಗಕ್ಕೆ ತಂದು ನಿಲ್ಲಿಸಿದೆ. ಬಸ್ಸಿನಲ್ಲಿ ಪೂರ್ತಿ ದಾರಿ ಮಡಿಲಲ್ಲಿಟ್ಟುಕೊಂಡು ಬೀಗುತ್ತಾ ಬಂದೆ.

ಅದರೊಳಗೆ ಒಂದು ರಬ್ಬರ್ ರಿಂಗ್ ಇರಬೇಕಾಗಿತ್ತು ಅನ್ನುವುದು ನನಗೇನು ಗೊತ್ತು? ಒಲೆಯ ಮೇಲೆ ಇಟ್ಟೆ. ಮೊದಲು ಬುಸ್ ಅಂತು. ಆಮೇಲೆ ನಡುವಿನಿಂದ ಚಿಮ್ಮಿ ಗೋಡೆ, ಕಿಟಕಿ, ನನ್ನ ಸೀರೆ, ಎಲ್ಲಾ ಕಡೆ ಹಾರಿತು. ಅತ್ತೆ ಬಾಗಿಲಲ್ಲಿ ನಿಂತು ನೋಡಿದರು.

"ಅಯ್ಯ ಯವ್ವಾ! ದೀಪಾವಳಿಗೆ ಸುಣ್ಣ ಹಚ್ಚಬೇಕಂತಿದ್ದೆ. ನೀ ಕಾಫೀನ ಹಚ್ಚಿಬಿಟ್ಟೆಲ್ಲ!"

ಸೋಲು ಒಪ್ಪುವವಳಲ್ಲ ನಾನು. ಕುಕ್ಕರ್ ರಿಪೇರಿಯವನ ಹತ್ತಿರ ಆ ಅಳತೆಯ ರಿಂಗ್ ಇರಲಿಲ್ಲ. ಸೈಕಲ್ ಟ್ಯೂಬು ದುಂಡಗೆ ಕತ್ತರಿಸಿ ಕೂರಿಸಿದೆ. ಸೋರುವುದು ನಿಂತಿತು. ಕಾಫಿ ಪಂಕ್ಚರ್ ಅಂಗಡಿಯ ವಾಸನೆ ಹೊಡೆಯಿತು. ಆ ಕೂಜಾ ಎತ್ತಿ ಅಟ್ಟಕ್ಕೆ ಎಸೆದೆ.

ಆಮೇಲೆ ಸಂಡೂರಿನ ಸುದ್ದಿ ಬಂತು. ತಮಿಳುನಾಡಿನ ಕಡೆಯ ಒಬ್ಬ ಮೈನ್ಸ್ ಮ್ಯಾನೇಜರ್ ಮನೆ ಖಾಲಿ ಮಾಡುತ್ತಿದ್ದಾರೆ, ಸಾಮಾನು ಮಾರಿ ಹೋಗುತ್ತಾರೆ ಎಂದು ನಮ್ಮ ಡ್ರೈವರ್ ಹೇಳಿದ. "ರೀ, ಕರಕೊಂಡು ಹೋಗ್ರಿ" ಅಂದೆ. ನಮ್ಮ ಮನೆಯವರು ಗೊಣಗುತ್ತಲೇ ಖಾಲಿ ಟಿಪ್ಪರ್‌ನಲ್ಲಿ ಹತ್ತಿಸಿಕೊಂಡರು. ಘಟ್ಟದ ದಾರಿಯಲ್ಲಿ ಮುಂದೆ ಲಾರಿ, ಹಿಂದೆ ಲಾರಿ, ಕದಲುವ ಹಾಗಿಲ್ಲ. ಗಿಡದ ಎಲೆ ಸಹ ಕೆಂಪು. ನಾನು ಇಳಿದು ನಡೆದುಬಿಡಲೇ ಅಂತ ಚಡಪಡಿಸುತ್ತಿದ್ದೆ. ಯಾರಾದರೂ ಮೊದಲು ಹೋಗಿ ಎತ್ತಿಕೊಂಡು ಬಂದರೆ?

ಯಾರೂ ಹೋಗಿರಲಿಲ್ಲ. ಮ್ಯಾನೇಜರ ಹೆಂಡತಿ ಕಟ್ಟಿಟ್ಟ ಪೆಟ್ಟಿಗೆಗಳ ನಡುವಿನಿಂದ ಒಂದು ಕಾಫಿ ಬೀಜ ಬೀಸುವ ಕೈಮಷಿನ್ ತೆಗೆದರು. ಮೇಜಿನ ಅಂಚಿಗೆ ತಿರುಪಿ ಕೂರಿಸುವಂಥದು, ಎರಕದ ಕಬ್ಬಿಣ, ಮರದ ಹಿಡಿ. ನಾನು ಅದನ್ನು ಕಂಡೂ ಕಾಣದಂತೆ ಮೊದಲು ಇಡ್ಲಿ ಪಾತ್ರೆ ಕೇಳಿದೆ. ಬೇಕಾದದ್ದನ್ನು ಮೊದಲು ಮುಟ್ಟಬಾರದು, ಅದು ನನ್ನ ನಿಯಮ. ಆಯಮ್ಮ ನನ್ನ ಕಳ್ಳಾಟ ನೋಡಿ ನಕ್ಕು, ಹೆಚ್ಚು ಎಳೆದಾಡದೆ ಕೊಟ್ಟರು. ಜೊತೆಗೆ, ಇನ್ನೂ ಕಟ್ಟಿರದ ಒಂದೇ ಪಾತ್ರೆಯಲ್ಲಿ ಕಾಫಿ ಮಾಡಿ ತಂದರು. ಗಟಗಟ ಕುಡಿದೆ. ಕುಡಿದ ಮೇಲೆ ಹೊಳೆಯಿತು. ಗುರುತು ಪರಿಚಯ ಇಲ್ಲದ ಮನೆಯಲ್ಲಿ ನಾನು ಕುಡಿಯಬಹುದು, ಅಪ್ಪ ಮಗಳ ಮನೆಯಲ್ಲಿ ಕುಡಿಯುವಂತಿಲ್ಲ. ವಾಪಸು ಬರುವಾಗ ದಾರಿಯುದ್ದಕ್ಕೂ ಆ ಮಷಿನ್ ಹಿಡಿ ತಿರುಗಿಸುತ್ತಲೇ ಇದ್ದೆ.

ಮುಂದಿನ ಭಾನುವಾರ ಅಪ್ಪ ಬಂದು ಕೂತ ಕೂಡಲೇ ಅಡುಗೆಮನೆಯಲ್ಲಿ ಮಷಿನ್ ತಿರುಗಿಸತೊಡಗಿದೆ. ಹೊಸದಾಗಿ ಹುರಿಸಿಕೊಂಡು ಬಂದ ಬೀಜ. ಪರಿಮಳ ಮನೆಯೆಲ್ಲ ತುಂಬಿತು. ಚಹಾದ ಅತ್ತೆಯೇ "ಏನಲೇ ಇದು, ತಲಿ ತಿರುಗ್ತೈತಿ" ಅಂದರು. ನಾನು ಬಾಗಿಲ ಸಂದಿಯಿಂದ ಅಪ್ಪನನ್ನೇ ನೋಡುತ್ತಿದ್ದೆ. ಅವನ ಮೂಗು ಅರಳಿತು. ಕಣ್ಣು ಮುಚ್ಚಿದ. ಈಗ ಕೇಳುತ್ತಾನೆ, ಈಗ ಕೇಳುತ್ತಾನೆ ಅಂದುಕೊಂಡೆ. ಅಪ್ಪ ಎದ್ದು ನಿಂತ.

"ಬರ್ತೀನಿ ಯವ್ವಾ. ಬಸ್ಸಿಗೆ ಹೊತ್ತಾತು."

ಬಸ್ಸಿಗೆ ಇನ್ನೂ ಎಷ್ಟೋ ಹೊತ್ತಿತ್ತು. ನಾನು ಗೇಟಿನವರೆಗೆ ಬೆನ್ನು ಬಿದ್ದೆ. "ಅಪ್ಪಾ, ಶಿವರಾತ್ರಿಗೆ ಕಾಫಿ ಊಟದಾಗ ಬರಂಗಿಲ್ಲ, ನನ್ನ ಮನ್ಯಾಗ ಹೆಂಗ್ ಬರ್ತೈತಿ?"

"ಭಾಳ ಶ್ಯಾಣ್ಯಾಕಿ ಆಗೀದಿ. ವಕೀಲಿ ಓದ್ಸಬೇಕಿತ್ತು ನಿನ್ನ," ಅಂದು ನನ್ನ ತಲೆ ಸವರಿ ಹೋದ. ಮೂಲೆಯ ಹೋಟೆಲಿನಲ್ಲಿ ಆವತ್ತು ನಿಲ್ಲಲಿಲ್ಲ. ನೆಟ್ಟಗೆ ನಡೆದುಬಿಟ್ಟ. ಅದು ನನಗೆ ಇನ್ನೂ ಕೆಟ್ಟದೆನಿಸಿತು.

ಅಷ್ಟರಲ್ಲಿ ಅಪ್ಪನ ರಿಟೈರ್‌ಮೆಂಟ್ ಬಂತು. ಕ್ವಾರ್ಟರ್ಸ್ ಬಿಡಬೇಕು. ನಮ್ಮಲ್ಲಿಗೆ ಬಾ ಅಂದೆ. "ನೀರು ಮುಟ್ಟದ ಮನ್ಯಾಗ ಹೆಂಗಿರ್ಲಿ?" ಅಂದ. ಎಮ್ಮಿಗನೂರಿನಲ್ಲಿ ತಮ್ಮನ ಮನೆ ಇತ್ತು, ಅಲ್ಲಿಗೆ ಹೋಗುವುದೆಂದು ಗೊತ್ತುಮಾಡಿಕೊಂಡ. ಚಿಕ್ಕಪ್ಪನ ಮನೆಯವರಿಗೆ ಕಬ್ಬು, ಭತ್ತ, ದನ, ಕೈತುಂಬ ಕೆಲಸ. ಅಲ್ಲಿ ಅಪ್ಪನಿಗೆ ಬೆಳಿಗ್ಗೆ ಮೆಟ್ಟಿಲ ಮೇಲೆ ಜೊತೆಗೆ ಕೂರುವವರು ಯಾರು? ಇನ್ನು ಭಾನುವಾರದ ಬಸ್ಸೂ ಇಲ್ಲ.

ಹಳೆ ಪಾತ್ರೆ ಅಂಗಡಿಗಳನ್ನು ಮತ್ತೆ ಜಾಲಾಡಿದೆ. ಸಿಕ್ಕೇಬಿಟ್ಟಿತು. ತೂಕಕ್ಕೆ ಬಂದ ಕೊಡಗಳ ರಾಶಿಯ ಅಡಿಯಲ್ಲಿ ಒಂದು ಹಿತ್ತಾಳೆ ಫಿಲ್ಟರ್. ಕುಂಭಕೋಣದ ಕಡೆಯ ಕೆಲಸ ಇರಬೇಕು, ಕೈಗೆ ಭಾರ. ಕೊಡದ ಬೆಲೆ ಕೇಳಿದೆ, ಹಂಡೆಯ ಬೆಲೆ ಕೇಳಿದೆ, ಕಡೆಗೆ ಇದು ಯಾತಕ್ಕೆ ಬರುತ್ತದೆ ಅನ್ನುವವಳ ಹಾಗೆ ಎತ್ತಿ ಬಿಸಿಲಿಗೆ ಹಿಡಿದೆ. ತೂತುಗಳೆಲ್ಲ ಒಂದೇ ಸಮ, ಯಾರೂ ಮೊಳೆ ಹಾಕಿ ಅಗಲ ಮಾಡಿರಲಿಲ್ಲ. ಒಳಗಿನ ಕಲಾಯಿ ಹೋಗಿತ್ತು, ಅದನ್ನೇ ಹಿಡಿದು ಜಗಳಾಡಿದೆ. ಅಂಗಡಿಯ ಸಾವಕಾರರು ಸುಸ್ತಾದರು.

"ಒಯ್ಯಿ ತಂಗಿ, ಒಯ್ಯಿ. ಹಳೇ ಹಿತ್ತಾಳಿ ರೇಟಿಗೇ ಒಯ್ಯಿ. ಕಲಾಯಿ ನಾನ ಹಾಕಿಸಿ ಕೊಡ್ತೀನಿ. ಹೆಸರು ಯಾರ್ದು ಹಾಕ್ಲಿ?"

ಆಗ ನನ್ನ ತಲೆಗೆ ಮಿಂಚು ಹೊಡೆಯಿತು. ಅಪ್ಪನ ಹೆಸರು! ಪಾತ್ರೆ ಅಪ್ಪನದು, ಪುಡಿ ಅಪ್ಪ ತಂದದ್ದು. ಇನ್ನೇನು ಉಳಿಯಿತು? ಸಾವಕಾರರು ಕಲಾಯಿ ಹಾಕಿಸಿ, ಉಳಿ ಹಿಡಿದು ಟಕಟಕ ಬಡಿದು ಅಪ್ಪನ ಹೆಸರು ಕೊರೆದರು. ನಾನು ಓಡುತ್ತಲೇ ಮನೆಗೆ ಬಂದೆ.

ಆದರೆ ನಮ್ಮ ಕಡೆ ಪಾತ್ರೆಯ ಮೇಲೆ ಹೆಸರಿದ್ದರೆ ಅದು ಕೊಟ್ಟವರ ಹೆಸರು. ಮದುವೆಯ ಪಾತ್ರೆಗಳೆಲ್ಲ ಹಾಗೇ. ಅದು ನನ್ನ ಬುದ್ಧಿಗೆ ಹೊಳೆಯಲೇ ಇಲ್ಲ ನೋಡಿ! ಅತ್ತೆ ಅದನ್ನು ನೋಡಿದ್ದೇ ತಡ, ಓಣಿಗೆಲ್ಲ ತೋರಿಸಿಕೊಂಡು ಬಂದರು. ಸಾಮಾನನ್ನೆಲ್ಲ ಮೊದಲೇ ಎಮ್ಮಿಗನೂರಿಗೆ ಕಳಿಸಿ, ಹೋಗುವ ಮೊದಲು ನೋಡಿ ಹೋಗೋಣ ಅಂತ ಅಪ್ಪ ಬಂದ ದಿನ, ಅತ್ತೆ ಬಾಗಿಲಲ್ಲೇ ಹೇಳಿದರು: "ಬೀಗರ, ಫಿಲ್ಟರ್ ಭಾಳ ಚೊಲೋದು ಕೊಟ್ಟೀರಿ ಬಿಡ್ರಿ!"

ಅಪ್ಪ ಕಣ್ಣು ಕಣ್ಣು ಬಿಟ್ಟ. ನಾನು ಅವನನ್ನು ಕೂರಿಸಿ, ಕಾಫಿಯ ಲೋಟ ಮುಂದೆ ಇಟ್ಟೆ. ಫಿಲ್ಟರನ್ನೂ ಪಕ್ಕದಲ್ಲೇ ಇಟ್ಟೆ.

"ನೋಡು ಅಪ್ಪಾ. ನಿನ್ನ ಹೆಸರು. ನಿನ್ನ ಪಾತ್ರಿ. ನೀ ತಂದ ಪುಡಿ. ಈಗ ಕುಡಿ."

ಅಪ್ಪ ಹೆಸರಿನ ಮೇಲೆ ಬೆರಳಾಡಿಸಿದ. "ಹೆಸರು ಹಾಕಿದ್ರ ಕೊಟ್ಟಂಗ ಆತಲ್ಲ ಯವ್ವಾ. ಕೊಟ್ಟ ಮ್ಯಾಲ ಅದು ನಿಂದು."

"ಪುಡಿ?"

"ಪುಡೀನೂ ನಿನಗ ಕೊಟ್ಟಿದ್ದು. ಹೋಗ್ಲಿ ಬಿಡು, ಹಾಲು ಯಾರ್ದು?"

"ಹಾಲು ಬ್ಯಾಡ. ಬರೇ ಡಿಕಾಕ್ಷನ್ ಕೊಡ್ತೀನಿ, ಕುಡಿ!"

"ನೀರು ಯಾರ್ದು?" ಅಂದ ಅಪ್ಪ, ನಗುತ್ತಾ.

"ನೀರು ಟಿ.ಬಿ. ಡ್ಯಾಂದು ಅಪ್ಪಾ! ನೀನ ಬಿಟ್ಟಿದ್ದು! ಜೀವನ ಪೂರ್ತಿ ಊರಿಗೆಲ್ಲ ನೀರು ಬಿಟ್ಟಿ, ನನ್ನ ಮನ್ಯಾಗ ಒಂದ್ ಗುಟುಕು ಇಳಿಯವಲ್ದಾ ನಿನಗ?"

ಕೂಗಿಯೇಬಿಟ್ಟಿದ್ದೆ. ಅಪ್ಪನ ನಗು ನಿಂತಿತು. ಅತ್ತೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಬಾಯಿಗೆ ಬಂದದ್ದು ಇನ್ನು ನಿಲ್ಲುವಂತಿರಲಿಲ್ಲ.

"ವಾರಾ ವಾರಾ ಬರ್ತಿ. ವಾರಾ ವಾರಾ ಒಲ್ಲೆ ಅಂತಿ. ಒಲ್ಲೆ ಅಂದಾಗೆಲ್ಲ ನೀ ಏನ್ ಹೇಳಿದಂಗ ಆಗ್ತೈತಿ ಗೊತ್ತೈತೇನು? ಇಕಿಗೆ ಮಕ್ಕಳಿಲ್ಲ, ಇಕಿಗೆ ಮಕ್ಕಳಿಲ್ಲ ಅಂತ ಡಂಗುರ ಹೊಡದಂಗ. ಮಂದಿ ಅಂದ್ರ ತಡ್ಕೊಂತೀನಿ. ನೀ ಅನಬ್ಯಾಡ ಅಪ್ಪಾ."

ಹೊರಗೆ ಟಿಪ್ಪರ್ ಒಂದು ಹಾದುಹೋಯಿತು. ಲೋಟದಲ್ಲಿ ಕಾಫಿ ನಡುಗಿತು. ಅಪ್ಪನ ದನಿ ನನಗೆ ಗುರುತು ಸಿಗದಷ್ಟು ಸಣ್ಣದಾಗಿತ್ತು.

"ಹಂಗ ಅಲ್ಲಲೇ ತಾಯಿ. ನಾ ಕುಡದೆ ಅಂದ್ರ, ಇನ್ನ ಆಗಂಗಿಲ್ಲ ಅಂತ ನಾನ ಒಪ್ಪಿದಂಗ ಆಗ್ತಿತ್ತು. ಅಪ್ಪ ಆಗಿ ನಾನ ಹೆಂಗ ಒಪ್ಲಿ? ಊರಾಗ ಯಾರು ಆಸೆ ಬಿಟ್ರೂ ನಾ ಬಿಡಬಾರದಂತ ಹಿಡ್ಕೊಂಡು ಕುಂತಿದ್ದೆ. ನಿನ್ನ ಸಲುವಾಗಿ."

ಇಷ್ಟು ವರ್ಷ ನಾನು ಅವಮಾನ ಅಂದುಕೊಂಡದ್ದು ಅವನ ಹರಕೆಯಾಗಿತ್ತು. ಮೂಲೆಯ ಹೋಟೆಲಿನ ಆ ಕೆಟ್ಟ ಕಾಫಿಯನ್ನು ಅವನು ನನಗಾಗಿ ಕುಡಿಯುತ್ತಿದ್ದ. ಒಮ್ಮೆಲೇ ನನಗೆ ಅವನು ಕುಡಿಯುವುದು ಬೇಡವಾಯಿತು. ಕುಡಿಯಬಾರದು. ಅವನೂ ಆಸೆ ಬಿಟ್ಟರೆ ಇನ್ನು ಯಾರ ಹತ್ತಿರ ಉಳಿಯುತ್ತದೆ ಅದು? ಕೈ ಚಾಚಿ ಲೋಟ ಹಿಡಿದೆ.

"ಬ್ಯಾಡ ಅಪ್ಪಾ. ಬಿಡು. ಒಳಗಿಡ್ತೀನಿ."

ಅಪ್ಪ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ಲೋಟ ಎತ್ತಿದ. ತುಟಿಗೆ ತಾಕಿಸದೆ, ತಲೆ ಎತ್ತಿ, ನಡುವೆ ನಿಲ್ಲಿಸದೆ ಪೂರ್ತಿ ಕುಡಿದ. ಗಂಟಲು ಏರಿ ಇಳಿಯುವುದನ್ನು ನಾನು ನೋಡುತ್ತಲೇ ಇದ್ದೆ. ಲೋಟ ಕೆಳಗಿಟ್ಟು ಟವೆಲಿನಿಂದ ಬಾಯಿ ಒರೆಸಿಕೊಂಡ, ಅದೇ ಟವೆಲಿನಿಂದ ಕಣ್ಣನ್ನೂ. ಆಮೇಲೆ ಬಾಗಿಲ ಕಡೆ ತಿರುಗಿದ.

"ಅಕ್ಕಾರ, ಊಟಕ್ಕ ಏನ್ ಮಾಡೀರಿ ಇವತ್ತು?"

ಅತ್ತೆ ಸೆರಗು ಬಾಯಿಗೆ ಹಿಡಿದುಕೊಂಡು, "ರೊಟ್ಟಿ... ಬದನಿಕಾಯಿ ಪಲ್ಲೆ ಐತ್ರಿ ಬೀಗರ," ಅಂದರು. "ಬಿಸಿ ರೊಟ್ಟಿ ಬಡೀತೀನಿ, ಕುಂದ್ರಿ."

"ಹಂಗಾರ ಕುಂದರ್ತೀನಿ," ಅಂದು ಅಪ್ಪ ಬಾಗಿಲಲ್ಲಿ ಬಿಟ್ಟಿದ್ದ ಚಪ್ಪಲಿ ಎತ್ತಿ ಮೂಲೆಗಿಟ್ಟ. ನಾನು ಕೈತೊಳೆಯಲು ನೀರು ತಂದು ಬಗ್ಗಿ ಹಾಕಿದೆ. ಅವನ ಕಾಲಿನ ಮೇಲೆಲ್ಲ ಚೆಲ್ಲಿತು. ಅಪ್ಪ ಕಾಲು ಹಿಂದೆಗೆಯಲಿಲ್ಲ.

"ಅಳಬ್ಯಾಡ," ಅಂದ. "ನನಗ ಮಗಳದಾಳ. ಆಕಿ ಮನ್ಯಾಗ ಉಣ್ಣಾಕ ಇನ್ನ ಯಾರ ದಾರಿ ಕಾಯ್ಲಿ?"